ಅಡಿ ಮೇಲಾದರೇ ಹಳೆ ಕಾರಿಗೆ ಆಯುಷ್ಯ

ಪ್ರೀಮಿಯರ್ ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ. ಲಾರಿಗೋ ಹಳೆಯ ವಿಲ್ಲೀಸ್ ಜೀಪಿಗೋ ಕೆಳಗೊಂದು ದಪ್ಪ ಉಕ್ಕಿನ ಚೌಕಟ್ಟು ಇರುತ್ತದೆ, ಅದರ ಮೇಲೆ ಬಾಡಿಯನ್ನು ಬೋಲ್ಟು ಬಿಗಿದು ಕೂರಿಸಿರುತ್ತಾರೆ. ಪದ್ಮಿನಿಯಲ್ಲಿ ಆ ಏರ್ಪಾಟೇ ಇಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ತಗಡುಗಳನ್ನು ಒತ್ತಿ, ಮಡಚಿ, ಅಲ್ಲಲ್ಲಿ ಪೆಟ್ಟಿಗೆಯ ಆಕಾರ ಕೊಟ್ಟು, ಸ್ಪಾಟ್ ವೆಲ್ಡಿಂಗ್‌ನಿಂದ ಬೆಸೆದಿರುವುದೇ ಅದರ ಅಸ್ಥಿಪಂಜರ. ಕಾಲಿಡುವ ನೆಲ, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್, ಎಂಜಿನ್ನಿನ ಇಕ್ಕೆಲದ ಲಾಂಗ್ ಮೆಂಬರ್, ಹಿಂದಿನ ಲೀಫ್ ಸ್ಪ್ರಿಂಗ್ ಕಚ್ಚಿಕೊಂಡಿರುವ ಬ್ರಾಕೆಟ್ಟು ಎಲ್ಲ ಸೇರಿಯೇ ಕಾರನ್ನು ಹೊತ್ತಿವೆ. ಇಂಥ ಕಾರಿನ ಅಡಿಗೆ ತುಕ್ಕು ಹಿಡಿದರೆ ಕಾರಿನ ಬಲವೇ ಹೋಗುತ್ತದೆ. ಮೇಲೆ ಎಷ್ಟು ಹೊಳೆಯುವ ಬಣ್ಣ ಬಳಿದರೂ ಆ ಬಲ ವಾಪಸ್ಸು ಬರುವುದಿಲ್ಲ.

ಇಟಲಿಯಲ್ಲಿ 1953ರಲ್ಲಿ ಬಂದ ಫಿಯಟ್ 1100/103 ಈ ಕಾರಿನ ಮೂಲ. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಹೊರಬಂತು. 1970ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಆಯಿತು. 1089 ಸಿಸಿ ಎಂಜಿನ್ನು, ಸ್ಟಿಯರಿಂಗ್ ಪಕ್ಕದ ಗೇರು, ಸುಮಾರು 900 ಕಿಲೋ ತೂಕ. ಮುಂಬೈಯ ರಸ್ತೆಗಳಲ್ಲಿ ಉಳಿದಿದ್ದ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ನಿವೃತ್ತಿಯಾದವು. ಈಗ ಉಳಿದಿರುವುದು ಮನೆಗಳಲ್ಲಿ. ಅಜ್ಜನ ಕಾರು, ಅಪ್ಪನ ಕಾರು ಎಂದು ಶೆಡ್ಡಿನಲ್ಲಿ ಇಟ್ಟುಕೊಂಡವರ ಬಳಿ. ಅವರಲ್ಲಿ ಅನೇಕರಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಆಸೆಯಿದೆ. ಆ ಆಸೆ ಮುರಿಯುವುದು ಎಂಜಿನ್ನಿನಲ್ಲಿ ಅಲ್ಲ, ನೆಲದಲ್ಲಿ.

ಮಂಗಳೂರು, ಉಡುಪಿ, ಕಾರವಾರದ ಕಾರುಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿದ ಮಳೆ, ಜೊತೆಗೆ ಉಪ್ಪು ಹೊತ್ತ ಗಾಳಿ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಹೇಗೂ ಹುಟ್ಟುತ್ತದೆ. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು ಅದೇ ಕ್ರಿಯೆ ಹಲವು ಪಟ್ಟು ವೇಗ ಪಡೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಎರಡು ತಗಡು ಸೇರುವ ಸಂದಿಯಲ್ಲಿ ಅದು ಬೆಳೆದಂತೆಲ್ಲ ತಗಡುಗಳು ಉಬ್ಬಿ ಬೇರೆಯಾಗುತ್ತವೆ, ಇನ್ನಷ್ಟು ನೀರಿಗೆ ದಾರಿಯಾಗುತ್ತದೆ. ಸಿಲ್‌ನಂಥ ಪೆಟ್ಟಿಗೆ ಭಾಗಗಳಲ್ಲಿ ನೀರು ಇಳಿದುಹೋಗಲೆಂದು ಬಿಟ್ಟ ತೂತುಗಳು ಕೆಸರಿನಿಂದ ಮುಚ್ಚಿಕೊಂಡರೆ ಒಳಗಿನಿಂದಲೇ ಕೊಳೆಯಲು ಶುರು. ಹೊರಗಿನ ಬಣ್ಣ ಗುಳ್ಳೆ ಎದ್ದು ನಮಗೆ ಕಾಣುವ ಹೊತ್ತಿಗೆ ಒಳಗಿನ ತಗಡು ಮುಗಿದಿರುತ್ತದೆ.

ಸಾಮಾನ್ಯವಾಗಿ ಇದಕ್ಕೆ ಸಿಗುವ ಚಿಕಿತ್ಸೆ ಎಂಥದ್ದು? ಕಾರನ್ನು ಜಾಕಿಯ ಮೇಲೆ ಎರಡಡಿ ಎತ್ತುತ್ತಾರೆ. ಟಿಂಕರ್ ಅಂಗಾತ ಮಲಗಿ ಒಳಗೆ ಜಾರುತ್ತಾರೆ. ಹಳೆಯ ತಗಡನ್ನು ಕತ್ತರಿಸದೆ ಅದರ ಮೇಲೆಯೇ ಹೊಸ ತುಂಡು ಇಟ್ಟು ಅಂಚಿಗೆ ಗ್ಯಾಸ್ ವೆಲ್ಡಿಂಗ್ ಎಳೆಯುತ್ತಾರೆ, ಮೇಲೆ ದಪ್ಪಗೆ ಟಾರು ಬಳಿಯುತ್ತಾರೆ. "ಅಡಿ ಯಾರ್ ನೋಡ್ತಾರೆ ಸಾರ್" ಎಂಬ ಮಾತು ಗ್ಯಾರೇಜುಗಳಲ್ಲಿ ಎಷ್ಟು ಸಲ ಕೇಳಿದರೂ ನನಗೆ ಬೇಸರವಾಗುತ್ತದೆ. ಆದರೆ ತಪ್ಪು ಆ ಕೆಲಸಗಾರನದಲ್ಲ. ತಲೆಯ ಮೇಲೆ ವೆಲ್ಡಿಂಗ್ ಮಾಡುವುದು ಬೆಸುಗೆಯ ಕೆಲಸದಲ್ಲೇ ಅತಿ ಕಷ್ಟದ್ದು. ಕರಗಿದ ಲೋಹ ಕೆಳಗೆ ಬೀಳಬೇಕೆನ್ನುತ್ತದೆ, ಬೀಳದಿರಲೆಂದು ಶಾಖ ಕಡಿಮೆ ಮಾಡಿದರೆ ಬೆಸುಗೆ ಆಳಕ್ಕೆ ಇಳಿಯುವುದಿಲ್ಲ. ಕಿಡಿಗಳು ಅಂಗಿಯೊಳಗೆ, ಕಿವಿಯೊಳಗೆ ಬೀಳುತ್ತವೆ. ಕತ್ತು ಎತ್ತಿ, ಕೈ ಮೇಲೆತ್ತಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೈ ನಡುಗದಂತೆ ಹಿಡಿಯುವುದು ಯಾರಿಂದಲೂ ಆಗದು. ಇಂಥ ಸ್ಥಿತಿಯಲ್ಲಿ ಒಳ್ಳೆಯ ಕೆಲಸ ಬೇಕೆನ್ನುವುದೇ ಅನ್ಯಾಯ. ಒಳ್ಳೆಯ ಕೆಲಸ ಬೇಕಿದ್ದರೆ ಕಾರಿನ ಅಡಿ ಕೆಲಸಗಾರನ ಎದೆಯೆತ್ತರಕ್ಕೆ, ಕಣ್ಣೆದುರಿಗೆ ಬರಬೇಕು.

ಅದಕ್ಕಿರುವ ಸಾಧನವೇ ರೋಟಿಸರಿ. ಎಂಜಿನ್ನು, ಆಕ್ಸೆಲ್ಲು, ಬಾಗಿಲು, ಗಾಜು, ಸೀಟು ಎಲ್ಲ ಕಳಚಿದ ಬರಿ ಬಾಡಿಯನ್ನು ಮುಂದೊಂದು, ಹಿಂದೊಂದು ಸ್ಟ್ಯಾಂಡಿಗೆ ಕಟ್ಟಿ, ಉದ್ದದ ಅಕ್ಷದ ಸುತ್ತ ಪೂರ್ತಿ ತಿರುಗುವಂತೆ ಮಾಡುವ ವ್ಯವಸ್ಥೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಹಳೆ ಕಾರಿನ ಹವ್ಯಾಸಿಗಳು ಇದನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಎಷ್ಟೋ ಜನ ಎಂಜಿನ್ ಕೂರಿಸುವ ಎರಡು ಸ್ಟ್ಯಾಂಡುಗಳನ್ನು ತಂದು ಅದಕ್ಕೇ ಬಲ ಕೊಟ್ಟು ಬಳಸುತ್ತಾರೆ. ಕಾರ್ಖಾನೆಗಳಿಗೂ ಈ ಉಪಾಯ ಹೊಸದಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಕೌಲಿಯಲ್ಲಿ ಮಾರಿಸ್ ಕಾರುಗಳ ಬಾಡಿಯನ್ನು ಉದ್ದನೆಯ ದಂಡಕ್ಕೆ ಪೋಣಿಸಿ, ಪ್ರೈಮರ್ ತೊಟ್ಟಿಯೊಳಗೆ ಉರುಳಿಸುತ್ತ ಸಾಗಿಸುವ ರೋಟೋಡಿಪ್ ವಿಧಾನವಿತ್ತು. ಜರ್ಮನಿಯ ಡ್ಯೂರ್ ಕಂಪನಿಯ ರೋಡಿಪ್ ಯಂತ್ರದಲ್ಲಿ ಈಗಲೂ ಬಾಡಿ ತೊಟ್ಟಿಯೊಳಗೆ ಪೂರ್ತಿ ಪಲ್ಟಿ ಹೊಡೆಯುತ್ತದೆ. ಉದ್ದೇಶ ಒಂದೇ: ಗಾಳಿ ಸಿಕ್ಕಿಕೊಳ್ಳದೆ ಎಲ್ಲ ಮೂಲೆಗೂ ಬಣ್ಣ ತಲುಪಬೇಕು, ಹೆಚ್ಚಿನದು ಹೊರಗೆ ಹರಿಯಬೇಕು.

ಮನೆಯಲ್ಲಿ ಇದನ್ನು ಮಾಡಲು ಬೇಕಾದ ಜ್ಞಾನದಲ್ಲಿ ಮುಕ್ಕಾಲು ಪಾಲು ಒಂದೇ ವಿಷಯಕ್ಕೆ ಸೇರಿದ್ದು, ಗುರುತ್ವ ಕೇಂದ್ರ. ತಿರುಗುವ ಅಕ್ಷ ಬಾಡಿಯ ಗುರುತ್ವ ಕೇಂದ್ರದ ಮೂಲಕ ಹಾದುಹೋದರೆ ಒಂದೇ ಕೈಯಲ್ಲಿ ಕಾರನ್ನು ಉರುಳಿಸಬಹುದು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಕ್ಷ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಹಾಕಿ ನೋಡಿ. ಬಾಡಿಯ ತೂಕ 300 ಕಿಲೋ ಎಂದಿಟ್ಟುಕೊಳ್ಳೋಣ. ಅಕ್ಷ ಮತ್ತು ಗುರುತ್ವ ಕೇಂದ್ರದ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ, ಬಾಡಿ ಪಕ್ಕಕ್ಕೆ ಮಲಗಿದಾಗ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 30 ಕಿಲೋ ಭಾರ ತಡೆಯಬೇಕಾಗುತ್ತದೆ. ಒಬ್ಬ ಗಟ್ಟಿ ಆಳಿಗೆ ಆದೀತು. ಅಂತರ 25 ಸೆಂಟಿಮೀಟರ್ ಆದರೆ ಭಾರ 75 ಕಿಲೋ. ಕೈ ಜಾರಿದರೆ ಬಾಡಿ ರಭಸದಿಂದ ಸುತ್ತಿ ಬಂದು ಎದುರಿಗೆ ನಿಂತವರನ್ನು ಹೊಡೆಯುತ್ತದೆ. ರೋಟಿಸರಿಯ ಅಪಾಯವೆಲ್ಲ ಈ ಅಂತರದಲ್ಲಿದೆ.

ಹಾಗಾದರೆ ಗುರುತ್ವ ಕೇಂದ್ರ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಮೊದಲೇ ಕರಾರುವಾಕ್ಕಾಗಿ ತಿಳಿಯಬೇಕಿಲ್ಲ. ಬರಿ ಬಾಡಿಯಲ್ಲಿ ಹೆಚ್ಚು ಉಕ್ಕು ಇರುವುದು ನೆಲ ಮತ್ತು ಸಿಲ್ ಕಡೆ, ಆದ್ದರಿಂದ ಅದು ಒಟ್ಟು ಎತ್ತರದ ನಡುವಿಗಿಂತ ಕೆಳಗಿರುತ್ತದೆ. ಕಾರಿನ ನೆಲದಿಂದ ಒಂದೂವರೆ ಅಡಿ ಮೇಲೆ ಎಂಬ ಅಂದಾಜಿನಿಂದ ಶುರುಮಾಡಿ. ಬಾಡಿ ಹಿಡಿಯುವ ತೋಳುಗಳನ್ನು ಮೇಲೆ ಕೆಳಗೆ ಜರುಗಿಸಿ ಬೋಲ್ಟು ಹಾಕುವಂತೆ ಇಡಿ. ಮೂರು ನಾಲ್ಕು ಜನ ಹಿಡಿದುಕೊಂಡು ನಿಧಾನವಾಗಿ ಬಾಡಿಯನ್ನು ಪಕ್ಕಕ್ಕೆ ಮಲಗಿಸಿ, ಯಾವ ಕಡೆ ಎಳೆಯುತ್ತದೆ ಎಂದು ನೋಡಿ. ನೆಲದ ಕಡೆ ಎಳೆದರೆ ಬಾಡಿಯನ್ನು ಅಕ್ಷಕ್ಕಿಂತ ಸ್ವಲ್ಪ ಮೇಲಕ್ಕೆ ಸರಿಸಬೇಕು, ಚಾವಣಿಯ ಕಡೆ ಎಳೆದರೆ ಕೆಳಕ್ಕೆ. ಕೊನೆಗೆ ನೆಲದ ಕಡೆ ಒಂದಿಷ್ಟು ಭಾರ ಉಳಿಸಿಕೊಳ್ಳುವುದು ಕ್ಷೇಮ. ಆಗ ಬಿಟ್ಟರೂ ಬಾಡಿ ನೆಟ್ಟಗೆ ಬಂದು ನಿಲ್ಲುತ್ತದೆ. ಬಾಗಿಲು, ಬಾನೆಟ್ಟು ಮತ್ತೆ ಜೋಡಿಸಿದರೆ ಲೆಕ್ಕ ಬದಲಾಗುತ್ತದೆ ಎಂಬುದು ನೆನಪಿರಲಿ.

ಇನ್ನು ಅಕ್ಷ ಭೂಮಿಯಿಂದ ಎಷ್ಟು ಎತ್ತರ ಇರಬೇಕು? ಪದ್ಮಿನಿಯ ಅಗಲ ಸುಮಾರು 1.46 ಮೀಟರ್. ಚಕ್ರ ಬಿಚ್ಚಿದರೆ ಅಡಿಯಿಂದ ಚಾವಣಿಗೆ ಸುಮಾರು 1.25 ಮೀಟರ್ ಎಂದು ಹಿಡಿಯೋಣ. ಅಕ್ಷ ಅಡಿಯಿಂದ 45 ಸೆಂಟಿಮೀಟರ್ ಮೇಲಿದ್ದರೆ ಚಾವಣಿ ಅದರಿಂದ 80 ಸೆಂಟಿಮೀಟರ್ ದೂರ. ಚಾವಣಿಯ ಅರ್ಧ ಅಗಲ 55 ಎಂದು ತೆಗೆದುಕೊಂಡರೆ ಅದರ ಮೂಲೆಗೆ, ಪೈಥಾಗೊರಸನ ಲೆಕ್ಕದಲ್ಲಿ, 97 ಸೆಂಟಿಮೀಟರ್ ಆಗುತ್ತದೆ. ಸಿಲ್ ಮೂಲೆ 86ಕ್ಕೆ ಮುಗಿಯುತ್ತದೆ. ಅಂದರೆ ಅಕ್ಷ 1.10 ಮೀಟರ್ ಎತ್ತರದಲ್ಲಿದ್ದರೆ ಎಲ್ಲೂ ತಾಗದೆ ಸುತ್ತುತ್ತದೆ. ನಿಮ್ಮ ಕಾರಿನ ಅಳತೆಯನ್ನು ನೀವೇ ಟೇಪು ಹಿಡಿದು ತೆಗೆಯಬೇಕು, ಲೆಕ್ಕದ ದಾರಿ ಮಾತ್ರ ಇದೇ. ಶೆಡ್ಡು ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ ಇದ್ದರೆ ಸುತ್ತ ನಿಂತು ಕೆಲಸ ಮಾಡಲು ಜಾಗ ಉಳಿಯುತ್ತದೆ.

ಸ್ಟ್ಯಾಂಡಿಗೆ ಬೇಕಾದ ಸಾಮಾನು ಯಾವ ತಾಲ್ಲೂಕು ಕೇಂದ್ರದ ಕಬ್ಬಿಣದ ಅಂಗಡಿಯಲ್ಲೂ ಸಿಗುತ್ತದೆ. 60×60 ಮಿಲಿಮೀಟರಿನ, 4 ಮಿಲಿಮೀಟರ್ ದಪ್ಪದ ಚೌಕ ಪೈಪು ಮೀಟರಿಗೆ ಆರೂಮುಕ್ಕಾಲು ಕಿಲೋ ತೂಗುತ್ತದೆ. ಒಟ್ಟು ಇಪ್ಪತ್ತು ಮೀಟರ್ ಬೇಕೆಂದರೂ 135 ಕಿಲೋ ಉಕ್ಕು. ಗುಜರಿಯಲ್ಲಿ ಒಳ್ಳೆಯ ತುಂಡುಗಳು ಸಿಕ್ಕರೆ ಖರ್ಚು ಇನ್ನೂ ಕಡಿಮೆ. ತಳ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ, ಅಡ್ಡ ಅಗಲ ಐದು ಅಡಿಗೆ ಕಡಿಮೆಯಿಲ್ಲದಂತೆ ಇರಲಿ. ನಿಂತ ಕಂಬಕ್ಕೆ ಎರಡೂ ಕಡೆಯಿಂದ ಓರೆಯಾಗಿ ಆಸರೆ ಕೊಡಿ. ನಾಲ್ಕೂ ಮೂಲೆಗೆ ಬ್ರೇಕ್ ಇರುವ, ತೂಕ ತಾಳುವ ಗಾಲಿ. ಎರಡು ಸ್ಟ್ಯಾಂಡುಗಳ ತಳವನ್ನು ಉದ್ದನೆಯ ಪೈಪಿನಿಂದ ಜೋಡಿಸುವುದನ್ನು ಕೆಲವರು ಬಿಟ್ಟುಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆ ಜೋಡಣೆ ಇಲ್ಲದಿದ್ದರೆ ಸ್ಟ್ಯಾಂಡುಗಳು ದೂರ ಸರಿಯದಂತೆ ಹಿಡಿಯುವ ಕೆಲಸವೂ ಈಗಾಗಲೇ ಸೊರಗಿದ ಬಾಡಿಯ ಮೇಲೆಯೇ ಬೀಳುತ್ತದೆ.

ತಿರುಗುವ ಕೀಲಿಗೆ ದುಬಾರಿ ಬೇರಿಂಗ್ ಬೇಡ, ಪೈಪಿನೊಳಗೆ ಪೈಪು, ನಡುವೆ ಗ್ರೀಸು ಸಾಕು. ಎರಡು ಇಂಚಿನ ಸಿ ಕ್ಲಾಸ್ ಪೈಪಿನ ಹೊರವ್ಯಾಸ 60 ಮಿಲಿಮೀಟರ್, ಎರಡೂವರೆ ಇಂಚಿನದರ ಒಳವ್ಯಾಸ ಸುಮಾರು 67. ಈ ಏಳು ಮಿಲಿಮೀಟರ್ ಸಡಿಲವನ್ನು ಹಾಗೇ ಬಿಡಬಾರದು, ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಿ ತುಂಬಬೇಕು. ಸತು ಲೇಪಿಸಿದ ಜಿಐ ಪೈಪು ಕೊಳ್ಳಬೇಡಿ, ಅದನ್ನು ವೆಲ್ಡ್ ಮಾಡುವಾಗ ಏಳುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಕಪ್ಪು ಪೈಪೇ ಸರಿ. ಬಾಡಿ ತಿರುಗಿದ ಜಾಗದಲ್ಲಿ ನಿಲ್ಲಿಸಲು 30 ಸೆಂಟಿಮೀಟರ್ ವ್ಯಾಸದ, 8 ಮಿಲಿಮೀಟರ್ ದಪ್ಪದ ತಟ್ಟೆಗೆ 15 ಡಿಗ್ರಿಗೊಂದರಂತೆ 24 ತೂತು ಕೊರೆದು, 16 ಮಿಲಿಮೀಟರಿನ ಪಿನ್ನು ತೂರಿಸುವ ಏರ್ಪಾಟು ಮಾಡಿ. ಬೋಲ್ಟು ಬಿಗಿದು ಒತ್ತಡದ ಮೇಲೆಯೇ ನಿಲ್ಲಿಸುವುದನ್ನು ನಂಬಬೇಡಿ. ಸುತ್ತಿಗೆಯ ಏಟಿಗೆ, ಗ್ರೈಂಡರಿನ ನಡುಕಕ್ಕೆ ಅದು ಜಾರುತ್ತದೆ.

ಪಿನ್ನು ಒಂದೇ ತುದಿಯಲ್ಲಿರಬೇಕು, ಇನ್ನೊಂದು ತುದಿ ಸ್ವತಂತ್ರವಾಗಿ ತಿರುಗುವಂತಿರಬೇಕು. ಹಲವರು ಗಮನಿಸದ ಸಂಗತಿಯಿದು. ಎರಡೂ ಕಡೆ ಬಿಗಿದು, ಏರುಪೇರಿನ ಸಿಮೆಂಟು ನೆಲದ ಮೇಲೆ ಸ್ಟ್ಯಾಂಡನ್ನು ತಳ್ಳಿದರೆ ಮುಂದಿನ ಗಾಲಿ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ವಾಲಿ, ನಡುವಿನ ಬಾಡಿ ಹಿಂಡಿಕೊಳ್ಳುತ್ತದೆ. ಒಂದು ತುದಿ ಸಡಿಲವಿದ್ದರೆ ಆ ತಿರುಚು ಅಲ್ಲೇ ಕರಗುತ್ತದೆ.

ಬಾಡಿಯನ್ನು ಹಿಡಿಯುವ ಜಾಗ ಯಾವುದು? ಬಂಪರ್ ಬಿಚ್ಚಿದ ಮೇಲೆ ಉಳಿಯುವ ಬ್ರಾಕೆಟ್ಟಿನ ಬೋಲ್ಟುಗಳು ಲಾಂಗ್ ಮೆಂಬರಿನ ತುದಿಗೆ ಹತ್ತಿರವಿರುತ್ತವೆ, ಅಲ್ಲಿ ಹಿಡಿಯುವುದೇ ವಾಡಿಕೆ. 8 ಮಿಲಿಮೀಟರ್ ಪ್ಲೇಟಿನ ಬ್ರಾಕೆಟ್ಟು, 8.8 ಗ್ರೇಡಿನ ಬೋಲ್ಟು ಬಳಸಿ. ಆ ಜಾಗವೇ ತುಕ್ಕು ಹಿಡಿದು ಸುತ್ತಿಗೆ ತಟ್ಟಿದರೆ ಮೆತ್ತಗೆ ಕೇಳಿಸಿದರೆ, ಕಾರು ನೆಲದ ಮೇಲಿರುವಾಗಲೇ ಅದನ್ನು ಸರಿಮಾಡಬೇಕು. ಕೊಳೆತ ತುದಿಗೆ ಬಾಡಿಯ ಪೂರ್ತಿ ಭಾರ ನೇತುಹಾಕುವಂತಿಲ್ಲ.

ಸ್ಟ್ಯಾಂಡು ತಯಾರಾದ ಕೂಡಲೇ ಕಾರನ್ನು ಏರಿಸುವ ಆತುರ ಬರುತ್ತದೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ತಪ್ಪಿಸಿದ ಕಾರುಗಳು ಮತ್ತೆಂದೂ ಸರಿಯಾಗಿ ಬಾಗಿಲು ಹಾಕಿಕೊಂಡಿಲ್ಲ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯ ಅಂಚುಗಳನ್ನು ಕತ್ತರಿಸಿದರೆ ಅದು ಹೇಗೆ ಎತ್ತ ಬೇಕಾದರತ್ತ ಬಾಗುತ್ತದೋ, ಸಿಲ್ ಕತ್ತರಿಸಿದ ಬಾಡಿಯೂ ಹಾಗೆಯೇ. ಬಾಗಿಲು ಇಲ್ಲ, ಸಿಲ್ ಇಲ್ಲ, ಎರಡು ತುದಿಯಲ್ಲಿ ಮಾತ್ರ ಆಧಾರವೆಂದರೆ ನಡುವೆ ಜಗ್ಗದೆ ಇರದು. ಆದ್ದರಿಂದ ಕಾರು ಇನ್ನೂ ತನ್ನ ಚಕ್ರಗಳ ಮೇಲೆ ಮಟ್ಟವಾಗಿ ನಿಂತಿರುವಾಗ, ಬಾಗಿಲುಗಳ ಸಂದು ಸರಿಯಿದೆಯೇ ಎಂದು ನೋಡಿಕೊಂಡು, ಬಾಗಿಲು ತೆಗೆದು, ಪ್ರತಿ ಬಾಗಿಲ ಚೌಕಟ್ಟಿನೊಳಗೆ 25 ಮಿಲಿಮೀಟರ್ ಚೌಕ ಪೈಪನ್ನು ಓರೆಯಾಗಿ ಬೆಸೆಯಬೇಕು. ಎಡದ ಕಂಬದಿಂದ ಬಲದ ಕಂಬಕ್ಕೂ ಅಡ್ಡ ಪೈಪು ಬೇಕು. ಆಮೇಲೆ ಟ್ರ್ಯಾಮೆಲ್ ಎಂಬ ಅಳತೆಕೋಲು ಅಥವಾ ಉಕ್ಕಿನ ಟೇಪಿನಿಂದ ಅಡಿಯ ಕರ್ಣಗಳು, ಸಸ್ಪೆನ್ಷನ್ ಬೋಲ್ಟಿನಿಂದ ಲೀಫ್ ಸ್ಪ್ರಿಂಗ್ ಬ್ರಾಕೆಟ್ಟಿಗಿರುವ ದೂರ, ಬಾಗಿಲ ಚೌಕಟ್ಟಿನ ಓರೆ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಕೆಲಸದ ಮಧ್ಯೆ ಅನುಮಾನ ಬಂದಾಗ ತೀರ್ಪು ಹೇಳುವುದು ಆ ಕಾಗದ. ಎರಡೂ ಸಿಲ್‌ಗಳು ಪೂರ್ತಿ ಹೋಗಿದ್ದರೆ ಅವನ್ನು ಕಾರು ಮಟ್ಟವಾಗಿ ನಿಂತಿರುವಾಗಲೇ, ಒಂದು ಮುಗಿದ ಮೇಲೆ ಇನ್ನೊಂದರಂತೆ ಬದಲಿಸಿ, ಆಮೇಲೆ ರೋಟಿಸರಿಗೆ ಏರಿಸುವುದು ಸರಿ ಎಂದು ನಾನು ಹೇಳುವೆ. ಬಾಡಿಯ ನೇರ ಉಳಿಸುವ ಕೆಲಸ ನೆಲದ ಮೇಲೆ, ಕಾರಿನ ನೆಲ ಮತ್ತು ಅಡಿಯ ಕೆಲಸ ರೋಟಿಸರಿಯ ಮೇಲೆ.

ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಬ್ಯಾಟರಿ, ವೈರಿಂಗ್, ಒಳಗಿನ ರಬ್ಬರು ಮ್ಯಾಟು, ಫೆಲ್ಟು ಎಲ್ಲವೂ ಏರಿಸುವ ಮೊದಲೇ ಹೊರಗೆ ಹೋಗಬೇಕು. ತಲೆಕೆಳಗಾದ ಕಾರಿನಲ್ಲಿ ಉಳಿದ ಒಂದು ಲೋಟ ಪೆಟ್ರೋಲು ಎಲ್ಲಿಗೆ ಹರಿದು ಯಾವ ಕಿಡಿಗೆ ಸಿಗುತ್ತದೋ ಹೇಳಲಾಗದು. ಚಾಸಿ ನಂಬರ್ ಕೊರೆದ ಜಾಗಕ್ಕೆ ಟೇಪು ಅಂಟಿಸಿ ಗುರುತು ಮಾಡಿ. ಗ್ರೈಂಡರ್ ಅದನ್ನು ಮುಟ್ಟಿದರೆ ಕಾರು ಕಾಗದದಲ್ಲಿ ಅನಾಥವಾಗುತ್ತದೆ.

ಏರಿಸಿದ ಮೇಲೆ ನೋಡಿ ಕೆಲಸದ ಸುಖ. ಹಳೆಯ ಟಾರನ್ನು ಬಿಸಿಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ ಸ್ಕ್ರೇಪರಿನಿಂದ ಎಬ್ಬಿಸಿದರೆ ಪಟ್ಟಿ ಪಟ್ಟಿಯಾಗಿ ಏಳುತ್ತದೆ. ಅದಕ್ಕೆ ಬೆಂಕಿ ಹಚ್ಚಬಾರದು. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಅದರ ಧೂಳು ಮಕ್ಕಳಿರುವ ಮನೆಯ ಅಂಗಳಕ್ಕೆ ಹರಡಕೂಡದು. ಒಳ್ಳೆಯ ಮಾಸ್ಕು, ಪೂರ್ತಿ ಮುಚ್ಚುವ ಕನ್ನಡಕ ಹಾಕದೆ ವೈರ್ ಬ್ರಷ್ ಕೈಗೆತ್ತಿಕೊಳ್ಳಬೇಡಿ. ತುಕ್ಕು ಹಿಡಿದ ತಗಡನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಿರಿ, ಅದರ ಮೇಲೆ ಮುಚ್ಚಬೇಡಿ. ಮೂಲ ದಪ್ಪದ ಶೀಟಿನಿಂದ, ನೆಲಕ್ಕೆ ಸಾಮಾನ್ಯವಾಗಿ 20 ಅಥವಾ 18 ಗೇಜು, ತುಂಡು ಮಾಡಿ, ಮೂಲದಲ್ಲಿದ್ದ ಉಬ್ಬುಗೆರೆಗಳನ್ನೂ ಬಡಿದು ತನ್ನಿ. ಆ ಗೆರೆಗಳು ಅಲಂಕಾರಕ್ಕಲ್ಲ, ತೆಳು ತಗಡಿಗೆ ಬಿಗಿ ಕೊಡುವುದು ಅವೇ. 0.8 ಮಿಲಿಮೀಟರ್ ತಂತಿಯ ಮಿಗ್ ವೆಲ್ಡಿಂಗ್ ಇದ್ದರೆ ಶಾಖ ಹರಡದೆ ತಗಡು ಸೊಟ್ಟಗಾಗುವುದು ತಪ್ಪುತ್ತದೆ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಕಡೆ ಮೇಲಿನ ತಗಡಿಗೆ ತೂತು ಹೊಡೆದು ಅದನ್ನು ತುಂಬುವ ಪ್ಲಗ್ ವೆಲ್ಡ್ ಹಾಕಿ. ಈಗ ಬೆಸುಗೆ ಮೇಜಿನ ಮೇಲೆ ಮಾಡಿದಂತೆ ಕೆಳಮುಖವಾಗಿ, ಕಣ್ಣೆದುರು ನಡೆಯುತ್ತದೆ. ನಿನ್ನೆ ಮೊನ್ನೆ ಕಲಿತವರಿಗೂ ಆಳವಾದ ಬೆಸುಗೆ ಸಿಗುತ್ತದೆ.

ವೆಲ್ಡಿಂಗ್ ಮುಗಿದ ಮೇಲೆ ಬಾಡಿಯನ್ನು ಎರಡು ಮೂರು ಸುತ್ತು ತಿರುಗಿಸಿ. ಸಿಲ್ ಒಳಗೆ ಸಿಕ್ಕಿದ್ದ ತುಕ್ಕಿನ ಪುಡಿ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದ್ದರೆ ಅದರ ಮರಳು, ಎಲ್ಲ ತೂತುಗಳಿಂದ ಸುರಿಯುತ್ತದೆ. ನೆಲದ ಮೇಲಿಟ್ಟ ಕಾರಿನಲ್ಲಿ ಆ ಪುಡಿ ಒಳಗೇ ಉಳಿದು ತೇವ ಹಿಡಿಯುತ್ತದೆ. ಆಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್, ಪ್ರತಿ ಜೋಡಣೆಗೂ ಸೀಲರ್, ಚಕ್ರದ ಕಮಾನಿಗೆ ಕಲ್ಲೇಟು ತಾಳುವ ಲೇಪ. ಟೊಳ್ಳು ಭಾಗಗಳಿಗೆ ಕೊನೆಯಲ್ಲಿ ಮೇಣದ ದ್ರವ ಸಿಂಪಡಿಸಿ ಬಾಡಿಯನ್ನು ನಿಧಾನವಾಗಿ ಉರುಳಿಸಿದರೆ ಅದು ಮೂಲೆ ಮೂಲೆಗೆ ಹರಿದು ಹತ್ತುತ್ತದೆ. ನೀರಿಳಿಯುವ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡುವುದು ಮರೆಯದಿರಿ. ಕರಾವಳಿಯ ಕಾರಿಗೆ ಇದು ಬಣ್ಣಕ್ಕಿಂತ ಮುಖ್ಯ.

ಅಂಬಾಸಡರ್ ಕೂಡ ಪ್ರತ್ಯೇಕ ಚಾಸಿ ಇಲ್ಲದ ಕಾರೇ. ತೂಕ, ಅಗಲ ಹೆಚ್ಚಾದ್ದರಿಂದ ಸ್ಟ್ಯಾಂಡಿನ ಅಳತೆ ಹೆಚ್ಚಬೇಕು, ತತ್ವ ಬದಲಾಗದು. ಜೀಪಿನ ಬಾಡಿಯನ್ನು ಚಾಸಿಯಿಂದ ಎತ್ತಿ ಬೇರೆ ಇಡುವುದೇ ಸುಲಭ, ಅಲ್ಲಿ ರೋಟಿಸರಿಯ ಅಗತ್ಯ ಕಡಿಮೆ. ಜಾಗ ಸಾಲದವರು ಕಾರನ್ನು ಒಂದು ಪಕ್ಕಕ್ಕೆ ವಾಲಿಸುವ ಸರಳ ಚೌಕಟ್ಟು ಮಾಡಿಕೊಳ್ಳಬಹುದು, ಅರ್ಧ ಲಾಭವಾದರೂ ಸಿಕ್ಕೀತು.

ಇಷ್ಟೆಲ್ಲ ಶ್ರಮಕ್ಕೆ ಕಾನೂನಿನ ಕಾರಣವೂ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, 50 ವರ್ಷ ದಾಟಿದ ಮತ್ತು ಮೂಲ ರೂಪದಲ್ಲೇ ಇರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು 'ವಿಎ' ಅಕ್ಷರದ ಪ್ರತ್ಯೇಕ ಸರಣಿಯಲ್ಲಿ ನೋಂದಾಯಿಸಬಹುದು. ಚಾಸಿ, ಬಾಡಿ ಶೆಲ್, ಎಂಜಿನ್ನುಗಳ ಮಾರ್ಪಾಟಿನಂಥ ದೊಡ್ಡ ಬದಲಾವಣೆ ಆಗಿರಬಾರದು. 1970ರ ದಶಕದ ಆರಂಭದ ಫಿಯಟ್ಟುಗಳು ಈಗಾಗಲೇ ಆ ವಯಸ್ಸು ದಾಟಿವೆ. ಕೊಳೆತ ನೆಲಕ್ಕೆ ಬೇಕಾದ ಕಡೆಗೆಲ್ಲ ಸಿಕ್ಕಸಿಕ್ಕ ಆ್ಯಂಗಲ್ಲು, ಚಾನೆಲ್ಲು ಬೆಸೆದು ನಿಲ್ಲಿಸಿದ ಕಾರಿಗೂ, ಮೂಲ ಆಕಾರದಲ್ಲೇ ತಗಡು ತುಂಬಿದ ಕಾರಿಗೂ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಒಂದು ರೋಟಿಸರಿ ಒಬ್ಬರಿಗೆ ಜೀವಮಾನದಲ್ಲಿ ಒಂದು ಸಲವೋ ಎರಡು ಸಲವೋ ಬೇಕಾಗುವ ವಸ್ತು. ಹಾಗಾಗಿ ಹಳೆ ಕಾರು ಇಟ್ಟುಕೊಂಡಿರುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟು. ಊರಿಗೊಂದು ಸಾಕು, ನಾಲ್ಕೈದು ಮಂದಿ ಸೇರಿ ಮಾಡಿಸಿ. ತೋಳುಗಳನ್ನು ಬೇರೆ ಬೇರೆ ಕಾರಿಗೆ ಹೊಂದುವಂತೆ ಬೋಲ್ಟಿನಲ್ಲಿ ಬಿಚ್ಚುವ ಹಾಗೆ ಇಡಿ. ನಿಮ್ಮ ಕೆಲಸ ಮುಗಿದ ಮೇಲೆ ಶೆಡ್ಡಿನ ಮೂಲೆಗೆ ತಳ್ಳದೆ ಮುಂದಿನವರ ಮನೆಗೆ ಕಳಿಸಿ, ಜೊತೆಗೆ ಪಿನ್ನು, ಬುಷ್ಷು ಮತ್ತು ನಿಮ್ಮ ಅಳತೆಯ ಕಾಗದವನ್ನೂ ಕೊಡಿ. ಊರಿನ ಟಿಂಕರನ್ನು ಕರೆದು, ಒಂದು ದಿನ ನಿಂತುಕೊಂಡು ವೆಲ್ಡಿಂಗ್ ಮಾಡಲು ಹೇಳಿ.